ವರ್ಡ್‌ಪ್ರೆಸ್ ಸರ್ವರ್ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ? ಹೀಗೆ ಅಳೆಯಿರಿ

ಮುಖಪುಟಕ್ಕೆ ಮಾತ್ರ ಲೋಡ್ ಟೆಸ್ಟ್ (ಒಮ್ಮೆಲೇ ಹಲವರು ಬಂದಂತೆ ಮಾಡುವ ಪರೀಕ್ಷೆ) ಮಾಡಿ ಸರ್ವರ್ ಗಟ್ಟಿಯಿದೆ ಅಂದುಕೊಳ್ಳಬೇಡಿ. ಪೇಜ್ ಕ್ಯಾಶ್ (ಮೊದಲೇ ಸಿದ್ಧಮಾಡಿಟ್ಟ ಪುಟದ ಪ್ರತಿ) ಇದ್ದರೆ ಅಲ್ಲಿ ಉತ್ತರ ಕೊಡುವುದು ಅದೇ. ಪುಟ ಕಟ್ಟುವ ಪಿಎಚ್‌ಪಿ, ಡೇಟಾಬೇಸ್ ಎರಡೂ ಬಹುತೇಕ ಸುಮ್ಮನೆ ಕೂತಿರುತ್ತವೆ. ಲಾಗಿನ್ ಆದವರ ಪುಟ, ಹುಡುಕಾಟ, ಕಾಮೆಂಟ್ ಸಲ್ಲಿಕೆ ಇವನ್ನು ಕೆ6 (k6) ಎಂಬ ಲೋಡ್ ಟೆಸ್ಟ್ ಟೂಲ್‌ನಲ್ಲಿ ಓಡಿಸಿ. 10 ಬಳಕೆದಾರರಿಂದ ಶುರುಮಾಡಿ, 5 ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡಿ. ಕಾಯುವ ಸಮಯದ ಸರಾಸರಿ ಬಿಡಿ, 95ನೇ ಪರ್ಸೆಂಟೈಲ್ ನೋಡಿ, ಅಂದರೆ 100ರಲ್ಲಿ 95 ಉತ್ತರಗಳು ಎಷ್ಟು ಸಮಯದೊಳಗೆ ಬಂದವು ಎಂಬುದನ್ನು. ಸೆಕೆಂಡಿಗೆ ಬರುವ ಉತ್ತರಗಳು ಹೆಚ್ಚದೆ ಕಾಯುವ ಸಮಯ ಮಾತ್ರ ಏರತೊಡಗಿದರೆ ಅದೇ ಮಿತಿ.

ಸಾಮಾನ್ಯವಾಗಿ ಮೊದಲು ಕೈಕೊಡುವುದು ಪಿಎಚ್‌ಪಿ-ಎಫ್‌ಪಿಎಂ, ಅಂದರೆ ಪಿಎಚ್‌ಪಿ ಪ್ರೊಸೆಸ್‌ಗಳನ್ನು ನಡೆಸುವ ಪ್ರೋಗ್ರಾಂ. ಒಂದು ಪ್ರೊಸೆಸ್ 80 ಎಂಬಿ ಮೆಮೊರಿ ತಿಂದರೆ, ಡೇಟಾಬೇಸ್‌ಗೆ ಕೊಟ್ಟು ಉಳಿದ 2 ಜಿಬಿಯಲ್ಲಿ 25 ಪ್ರೊಸೆಸ್ ಅಷ್ಟೇ. ಮ್ಯಾಕ್ಸ್ ಚಿಲ್ಡ್ರನ್ (ಗರಿಷ್ಠ ಪ್ರೊಸೆಸ್ ಸಂಖ್ಯೆಯ ಸೆಟ್ಟಿಂಗ್) ಅದಕ್ಕಿಂತ ಹೆಚ್ಚಿಟ್ಟರೆ ಸ್ವಾಪ್ (ಮೆಮೊರಿ ಸಾಲದೆ ಡಿಸ್ಕ್ ಬಳಸುವುದು) ಶುರುವಾಗಿ ಎಲ್ಲರಿಗೂ ನಿಧಾನ.

ಎರಡನೇ ಸರ್ವರ್ ಸೇರಿಸುವ ಮೊದಲು ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರನ್ನು ಎರಡಕ್ಕೂ ಸಿಗುವ ಸ್ಟೋರೇಜ್‌ಗೆ ಸಾಗಿಸಿ. ಇಲ್ಲದಿದ್ದರೆ ಅದೇ ಚಿತ್ರ ಒಮ್ಮೆ ಕಾಣುತ್ತದೆ, ಇನ್ನೊಮ್ಮೆ 404 (ಸಿಗಲಿಲ್ಲ ಎಂಬ ದೋಷ).