ಎರಡು ಸೆಲ್ಲಿನ ಟಾರ್ಚಿಗೆ ಒಂದು ವ್ಯಾಟಿನ ಎಲ್‌ಇಡಿ ಕೂರಿಸುವುದು

ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಜೂನ್ ಮಳೆ ಹಿಡಿದ ಮೇಲೆ ಟಾರ್ಚು ಸದಾ ಕೈಗೆಟಕುವ ಜಾಗದಲ್ಲೇ ಇರಬೇಕಾಗುತ್ತದೆ. ಮರ ಬಿದ್ದು ಲೈನು ಹರಿದರೆ ಕರೆಂಟು ಮತ್ತೆ ಯಾವಾಗ ಬರುವುದೋ ಹೇಳಲಾಗದು. ಕತ್ತಲಲ್ಲಿ ಕೊಟ್ಟಿಗೆಗೋ ತೋಟದ ಕೆಲಸಗಾರರ ಲೈನ್ ಮನೆಗಳಿಗೋ ನಡೆಯುವವರಿಗೆ ಆನೆಯ ಭಯ ಬೇರೆ. ಮನೆಯಲ್ಲಿರುವ ಹಳೆಯ ಲೋಹದ ಟಾರ್ಚು ಗಟ್ಟಿಯಾಗಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಅದರ ತಂತಿಯ ಬಲ್ಬು ಕೊಡುವ ಬೆಳಕು ಹತ್ತು ಲುಮೆನ್ (ಬೆಳಕಿನ ಅಳತೆ) ಆಸುಪಾಸು; ಒಂದು ವ್ಯಾಟಿನ ಎಲ್‌ಇಡಿ ಅದರ ಹಲವು ಪಟ್ಟು ಕೊಡುತ್ತದೆ.

ಆದರೆ ಬಲ್ಬು ತೆಗೆದು ಎಲ್‌ಇಡಿ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಬಿಳಿ ಎಲ್‌ಇಡಿ ಸರಿಯಾಗಿ ಬೆಳಗಲು ಸುಮಾರು 3ರಿಂದ 3.4 ವೋಲ್ಟ್ ಬೇಕು. ಎರಡು ಸೆಲ್ಲು ಹೊಸದಾಗಿದ್ದಾಗ 3 ವೋಲ್ಟ್ ಆಸುಪಾಸು ಇದ್ದು, ಬಳಸುತ್ತ ಹೋದಂತೆ 2.4ಕ್ಕೆ ಇಳಿಯುವುದರಿಂದ, ನಡುವೆ ವೋಲ್ಟೇಜ್ ಏರಿಸುವ ಪುಟ್ಟ ಡ್ರೈವರ್ ಬೋರ್ಡ್ ಹಾಕಲೇಬೇಕು. ಕೊಳ್ಳುವಾಗ, 2 ವೋಲ್ಟಿನಲ್ಲೂ ಕೆಲಸ ಮಾಡುವ, ಸ್ಥಿರವಾಗಿ 350 ಮಿಲಿಆಂಪಿಯರ್ ಕರೆಂಟು ಕೊಡುವ ಬೋರ್ಡನ್ನೇ ಕೇಳಿ. ಮೊಬೈಲ್ ಚಾರ್ಜಿಂಗಿನ 5 ವೋಲ್ಟ್ ಬೋರ್ಡ್ ಹಿಡಿದಿಡುವುದು ವೋಲ್ಟೇಜನ್ನೇ ಹೊರತು ಕರೆಂಟನ್ನಲ್ಲ. ಅದನ್ನು ನೇರವಾಗಿ ಜೋಡಿಸಿದರೆ ಎಲ್‌ಇಡಿ ಸುಟ್ಟುಹೋಗುತ್ತದೆ.

ಹೆಚ್ಚಿನವರು ಎಡವುವುದು ಶಾಖದ ವಿಷಯದಲ್ಲಿ. ನಾನು ಮೊದಲ ಸಲ ಎಲ್‌ಇಡಿಯನ್ನು ಬರೀ ಗ್ಲೂ ಗನ್ನಿನ ಅಂಟಿನಿಂದ ಪ್ಲಾಸ್ಟಿಕ್ ಹಿಡಿಕೆಗೆ ಅಂಟಿಸಿದ್ದೆ. ತೋಟದ ದಾರಿಯಲ್ಲಿ ಹತ್ತು ನಿಮಿಷ ನಡೆಯುವಷ್ಟರಲ್ಲಿ ಬೆಳಕು ಮಂಕಾಯಿತು. ಮನೆಗೆ ಬಂದು ಬಿಚ್ಚಿದಾಗ ಅಂಟು ಕರಗಿ, ಎಲ್‌ಇಡಿ ಓರೆಯಾಗಿ, ಅದರ ಹಳದಿ ಮಚ್ಚೆಯ ಅಂಚು ಕಂದಿತ್ತು. ತಂತಿಯ ಬಲ್ಬಿನ ಶಾಖ ಬಹುಪಾಲು ಬೆಳಕಿನೊಂದಿಗೇ ಹೊರಹೋಗುತ್ತದೆ, ಎಲ್‌ಇಡಿಯದು ಬೆನ್ನಿನ ಕಡೆಗೆ ಇಳಿಯುತ್ತದೆ. ಆದ್ದರಿಂದ ನಕ್ಷತ್ರಾಕಾರದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೂರಿಸಿದ ಎಲ್‌ಇಡಿಯನ್ನೇ ಕೊಂಡು, ಆ ತಟ್ಟೆಯ ಬೆನ್ನಿಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟನ್ನು ತೆಳ್ಳಗೆ ಸವರಿ, ಟಾರ್ಚಿನ ಒಳಬಾಯಿಗೆ ಬಿಗಿಯಾಗಿ ಕೂರುವಂತೆ ಕತ್ತರಿಸಿದ 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಬಿಲ್ಲೆಗೆ ಸ್ಕ್ರೂ ಹಾಕಿ ಬಿಗಿಯಬೇಕು. ಹತ್ತು ನಿಮಿಷ ಉರಿದ ಮೇಲೆ ಟಾರ್ಚಿನ ಕತ್ತು ಕೈಗೆ ಬೆಚ್ಚಗಾಗಿದ್ದರೆ, ಶಾಖ ಸರಿಯಾದ ದಾರಿಯಲ್ಲಿ ಹೋಗುತ್ತಿದೆ ಎಂದರ್ಥ. ಸಣ್ಣ ಟಾರ್ಚಿಗೆ 3 ವ್ಯಾಟಿನ ಎಲ್‌ಇಡಿ ಬೇಡವೆಂದು ನಾನು ಹೇಳುವುದೂ ಈ ಕಾರಣಕ್ಕೇ.

ಬೆಸುಗೆ ಹಾಕುವ ಮೊದಲು ಸೆಲ್ಲುಗಳ ಪ್ಲಸ್ ತುದಿ ಎಲ್ಲಿಗೆ ತಾಗುತ್ತದೆ ಎಂಬುದನ್ನು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. ತಂತಿಯ ಬಲ್ಬಿಗೆ ಪ್ಲಸ್ ಮೈನಸ್ ಎಂಬ ಭೇದವಿಲ್ಲ, ಎಲ್‌ಇಡಿಗೂ ಡ್ರೈವರಿಗೂ ಇದೆ. ಲೋಹದ ಟಾರ್ಚಿನ ಮೈಯೇ ಸಾಮಾನ್ಯವಾಗಿ ಮೈನಸ್ ಆಗಿರುವುದರಿಂದ, ಬೆಸುಗೆಯ ಉಬ್ಬು ಪ್ರತಿಫಲಕಕ್ಕೆ ತಾಗಿ ಶಾರ್ಟ್ ಆಗದಂತೆ ನಡುವೆ ಫೈಬರ್ ವಾಷರ್ ಇಡಬೇಕು.

ಬೆಳಕು ದೂರ ಬೀಳಬೇಕಾದರೆ ಎಲ್‌ಇಡಿ ಹಳೆಯ ಬಲ್ಬಿನ ತಂತಿ ಇದ್ದ ಎತ್ತರದಲ್ಲೇ ಕೂರಬೇಕು. ಐದು ಮೀಟರ್ ದೂರದ ಗೋಡೆಗೆ ಟಾರ್ಚು ಹಿಡಿದು, ವಾಷರಿನ ದಪ್ಪವನ್ನು ಅರ್ಧರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಮಾಡುತ್ತ, ನಡುವಿನ ಕಪ್ಪು ಮಚ್ಚೆ ಮಾಯವಾಗಿ ಬೆಳಕು ಒಂದೇ ಬಿಲ್ಲೆಯಾಗಿ ಕೂಡುವವರೆಗೆ ಸರಿಹೊಂದಿಸಿ. ಮಂಜಿನಲ್ಲಿ ಹರಡಿದ ಬೆಳಕು ಕಣ್ಣಿಗೇ ಹಿಂದಿರುಗುತ್ತದೆ. ಕೂಡಿದ ಬೆಳಕನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ದಾರಿ ಎಷ್ಟೋ ಚೆನ್ನಾಗಿ ಕಾಣುತ್ತದೆ.

ಸಣ್ಣ (ಎಎ) ಸೆಲ್ಲಿನ ಟಾರ್ಚಾದರೆ, ಚಾರ್ಜ್ ಮಾಡಬಹುದಾದ 1.2 ವೋಲ್ಟ್, 2000 ಮಿಲಿಆಂಪಿಯರ್-ಅವರ್ ನಿಕಲ್ ಸೆಲ್ಲುಗಳು ಮೂರು ಗಂಟೆಗೂ ಮಿಕ್ಕಿ ಉರಿಯುತ್ತವೆ. ಅದೇ ಗಾತ್ರದ 3.7 ವೋಲ್ಟಿನ ಲಿಥಿಯಂ ಸೆಲ್ಲು ಎರಡು ಹಾಕಬೇಡಿ. 7 ವೋಲ್ಟ್ ದಾಟಿ ಡ್ರೈವರ್ ಸುಡುತ್ತದೆ. ಮಳೆಗಾಲದ ತೇವಕ್ಕೆ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಕಟ್ಟಿದರೆ ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ, ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕಾನ್ ಗ್ರೀಸ್ ಸವರಿ.