ಅಮ್ಮ ಮೊದಲ ಪಂಕ್ತಿಯಲ್ಲಿ ಕೂತ ಯುಗಾದಿ

ಒಬ್ಬಟ್ಟನ್ನ ಕಾವಲಿಯಿಂದ ಎತ್ತಿದ ತಕ್ಷಣ ತಿನ್ನಬೇಕು, ಮೇಲೆ ತುಪ್ಪ ಸವರಿ, ನಾಲಿಗೆ ಚುರ್ ಅನ್ನುವ ಹಾಗೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ತಿಂದು ಬೆಳೆದವರು, ಅಮ್ಮನೊಬ್ಬಳನ್ನು ಬಿಟ್ಟು. ಯುಗಾದಿ ದಿನ ಅವಳು ಒಲೆ ಮುಂದೆ ನಿಂತು ತಟ್ಟುತ್ತಿದ್ದಳು, ನಾವು ಕೂತು ತಿನ್ನುತ್ತಿದ್ದೆವು. ಎರಡು ಪಂಕ್ತಿ ಎದ್ದು, ಪಾತ್ರೆಪಡಗ ಒಂದು ಕಡೆ ಆಗಿ, ಅವಳು ಎಲೆ ಹಾಕಿಕೊಳ್ಳುವಾಗ ಮಧ್ಯಾಹ್ನ ಮೂರೂವರೆ. ಅಷ್ಟು ಹೊತ್ತಿಗೆ ಬೆಲ್ಲದ ವಾಸನೆಯಲ್ಲೇ ಅವಳ ಹೊಟ್ಟೆ ತುಂಬಿರುತ್ತಿತ್ತು. ಮೊಸರನ್ನ, ಉಪ್ಪಿನಕಾಯಿ ತಿಂದು ಏಳುತ್ತಿದ್ದಳು.

2025ರ ಯುಗಾದಿಗೆ ಇದನ್ನು ಬದಲಾಯಿಸಲೇಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಕಾರಣ ಇತ್ತು. ಆ ಸಲ ಹುಟ್ಟಿದ್ದು ವಿಶ್ವಾವಸು ಸಂವತ್ಸರ. ಅಮ್ಮ ಹುಟ್ಟಿದ್ದೂ ವಿಶ್ವಾವಸುವಿನಲ್ಲೇ, 1965ರಲ್ಲಿ. ಸಂವತ್ಸರಗಳು 60, ಹಾಗಾಗಿ ತಾನು ಹುಟ್ಟಿದ ಸಂವತ್ಸರ ಮತ್ತೆ ಬರುವುದನ್ನು ನೋಡಬೇಕಾದರೆ 60 ವರ್ಷ ಕಾಯಬೇಕು. ಹೊಸ ಕ್ಯಾಲೆಂಡರ್ ಗೋಡೆಗೆ ಹಾಕುವಾಗ ಇದು ಕಣ್ಣಿಗೆ ಬಿತ್ತು. ಈ ಯುಗಾದಿ ಅವಳದು, ಅವಳು ಮೊದಲ ಪಂಕ್ತಿಯಲ್ಲಿ ಕೂತು ಬಿಸಿ ಒಬ್ಬಟ್ಟು ತಿನ್ನಬೇಕು ಅಂತ ಅವತ್ತೇ ತೀರ್ಮಾನಿಸಿದೆ. ತಟ್ಟುವುದು ನಾನು.

ಅದುವರೆಗೆ ನಾನು ಮಾಡಿದ್ದ ಅಡುಗೆ ಅಂದರೆ ಅನ್ನ, ತಿಳಿಸಾರು, ಆಮ್ಲೆಟ್. ಶಿವರಾತ್ರಿ ಕಳೆದ ಮೇಲಿನ ಭಾನುವಾರ ಮೊದಲ ಸಲ ಕೈ ಹಾಕಿದೆ. ಬೇಗ ಆಗಲಿ ಅಂತ ತೊಗರಿಬೇಳೆಯನ್ನು ಕುಕ್ಕರಿಗೆ ಹಾಕಿ ಮೂರು ವಿಶಲ್ ಕೂಗಿಸಿದೆ. ಅಲ್ಲೇ ಕೆಟ್ಟಿತು. ಬೇಳೆ ಕರಗಿ ಗಂಜಿಯಾಯಿತು, ಬೆಲ್ಲ ಬಿದ್ದ ಮೇಲೆ ಇನ್ನೂ ನೀರು ಬಿಟ್ಟಿತು. ಅಗಲವಾದ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕೈಯಾಡಿಸಿದರೂ ಉಂಡೆ ಕಟ್ಟಲು ಬರಲಿಲ್ಲ. ಕೊನೆಗೆ ಅಮ್ಮನೇ ಬಂದು ಹುರಿಗಡಲೆ ಪುಡಿ ಮಾಡಿ ಬೆರೆಸಿ ಹದಕ್ಕೆ ತಂದಳು. ತಿನ್ನಲು ಪರವಾಗಿಲ್ಲ, ಆದರೆ ಒಬ್ಬಟ್ಟಿನ ರುಚಿ ಅಲ್ಲ.

ಮುಂದಿನ ಭಾನುವಾರ ಅವಳನ್ನು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿಕೊಂಡೆ. ಅಮ್ಮನಿಗೆ ಅಳತೆ ಹೇಳಲು ಬರುವುದಿಲ್ಲ. ಎಷ್ಟು ಅಂತ ಕೇಳಿದರೆ, "ನೋಡ್ಕೊಂಡು ಹಾಕಪ್ಪ, ಕೈಗೇ ಗೊತ್ತಾಗುತ್ತೆ" ಅನ್ನುತ್ತಾಳೆ. ನನ್ನ ಕೈಗೆ ಗೊತ್ತಿರಲಿಲ್ಲವಲ್ಲ. ಅದಕ್ಕೆ ಪಾತ್ರೆಯನ್ನು ತೂಕದ ಯಂತ್ರದ ಮೇಲಿಟ್ಟು, ಅವಳೇ ಹಾಕುವಂತೆ ಮಾಡಿ, ಒಂದೊಂದು ಹಿಡಿಗೂ ಎಷ್ಟು ಗ್ರಾಮ್ ಏರಿತು ಅಂತ ಬರೆದುಕೊಂಡೆ. 1 ಕಿಲೋ ಬೇಳೆಗೆ 1 ಕಿಲೋ ಬೆಲ್ಲ. ಕಣಕಕ್ಕೆ ಚಿರೋಟಿ ರವೆ 250 ಗ್ರಾಮ್, ಮೈದಾ 250 ಗ್ರಾಮ್, ಚಿಟಿಕೆ ಅರಿಶಿನ. ಎಣ್ಣೆಯನ್ನು ಮಾತ್ರ ಅವಳು ಎರಡು ಸಲ ಸುರಿದಳು. ಕಲಸುವಾಗ ಸ್ವಲ್ಪ, ಕಲಸಿದ ಮೇಲೆ ಕಣಕ ಮುಳುಗುವಷ್ಟು.

ಗುಟ್ಟು ಇರುವುದು ಆ ನೆನೆಯುವುದರಲ್ಲೇ. ಆಗತಾನೇ ಕಲಸಿದ ಕಣಕವನ್ನು ಎಳೆದರೆ ಹಿಂದಕ್ಕೆ ಜಗ್ಗುತ್ತದೆ, ಇಲ್ಲವೇ ಹರಿಯುತ್ತದೆ. ಮೂರು ಗಂಟೆ ಎಣ್ಣೆಯಲ್ಲಿ ನೆಂದು, ಮತ್ತೆ ಚೆನ್ನಾಗಿ ನಾದಿಸಿಕೊಂಡ ಮೇಲೆ ಅದೇ ಕಣಕ ಎಳೆದಷ್ಟೂ ಬರುತ್ತದೆ, ಬೆರಳಿನ ಮೇಲೆ ಹರಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ. ಬೇಳೆಯದು ಇದಕ್ಕೆ ತದ್ವಿರುದ್ಧ, ಅದು ಹೆಚ್ಚು ಬೇಯಬಾರದು. ತೆರೆದ ಪಾತ್ರೆಯಲ್ಲಿ ನೀರು ಕುದಿಸಿ ಬೇಳೆ ಹಾಕಿ, ಆಗಾಗ ಒಂದು ಕಾಳು ತೆಗೆದು ಒತ್ತಿ ನೋಡಬೇಕು. ಮುರಿಯಬೇಕು, ಮುದ್ದೆಯಾಗಬಾರದು. ಆ ಗಳಿಗೆಯಲ್ಲಿ ಬಸಿದುಬಿಡಬೇಕು. ಬಸಿದ ಕಟ್ಟನ್ನು ಮಾತ್ರ ಚೆಲ್ಲಬೇಡಿ, ಒಬ್ಬಟ್ಟಿನ ಸಾರಿನ ಜೀವವೇ ಅದು.

ಹಬ್ಬದ ಹಿಂದಿನ ಸಂಜೆ ದೇವರಾಜ ಮಾರ್ಕೆಟ್ಟಿಗೆ ಹೋದೆ. ಮಾವಿನ ಸೊಪ್ಪು, ಹೂಬಿಟ್ಟ ಬೇವಿನ ಕೊಂಬೆ, ಕಾಕಡ, ಸೇವಂತಿಗೆ. ಮಾರ್ಕೆಟ್ ಒಳಗೆ ಒಬ್ಬರ ಹೆಗಲಿಗೆ ಒಬ್ಬರು ತಾಗಿಕೊಂಡೇ ನಡೆಯಬೇಕಿತ್ತು. ಬೆಲ್ಲ ಕೊಳ್ಳುವಾಗ ಅಮ್ಮ ಹೇಳಿಕೊಟ್ಟಂತೆ ಕಪ್ಪಗಿದ್ದ ಅಚ್ಚನ್ನೇ ಆರಿಸಿದೆ. ನಮ್ಮ ಬೀದಿಯ ಹೊಂಗೆಮರಗಳೆಲ್ಲ ಹಳೆ ಎಲೆ ಉದುರಿಸಿ ಎಳೆ ಹಸಿರು ಹೊದ್ದು ನಿಂತಿದ್ದವು. ಆ ಚಿಗುರಿನ ಹೊಳಪು ಒಂದೆರಡು ವಾರವಷ್ಟೇ, ನನಗಂತೂ ಯುಗಾದಿ ಬಂತು ಅನ್ನಿಸುವುದೇ ಅದನ್ನು ಕಂಡಾಗ.

ಹೂರಣವನ್ನು ಹಿಂದಿನ ರಾತ್ರಿಯೇ ರುಬ್ಬಿಟ್ಟುಕೊಳ್ಳೋಣ ಅಂತಿದ್ದೆ. ಅಮ್ಮ ಒಪ್ಪಲಿಲ್ಲ. "ದೇವರಿಗೆ ಎಡೆ ಇಡೋದು ನಿನ್ನೇದಾ?" ಅಂದಳು. ಹಾಗಾಗಿ ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಎದ್ದೆ. ಐದಕ್ಕೆ ಕಣಕ ಎಣ್ಣೆಯಲ್ಲಿ ಮುಳುಗಿತ್ತು, ಆರೂವರೆಗೆ ಬೇಳೆ ಬಸಿದಾಗಿತ್ತು. ಬೆಲ್ಲ ಕರಗಿ ಬೇಳೆಯ ಜೊತೆ ಕುದಿದು, ಸೌಟು ನಿಲ್ಲಿಸಿದರೆ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದ ಮೇಲೆ ಏಲಕ್ಕಿ ಹಾಕಿ ಗ್ರೈಂಡರಿನಲ್ಲಿ ರುಬ್ಬಿದೆ, ಹನಿ ನೀರೂ ಸೋಕಿಸದೆ.

ಊಟಕ್ಕೆ ಒಟ್ಟು 16 ಜನ. ತಂಗಿ, ಭಾವ, ಅವರ ಇಬ್ಬರು ಮಕ್ಕಳು ಬೆಂಗಳೂರಿನಿಂದ ಶನಿವಾರವೇ ಬಂದಿದ್ದರು. ಮಂಡ್ಯದ ಕಡೆಯಿಂದ ಚಿಕ್ಕಮ್ಮನ ಮನೆಯವರು, ನನ್ನ ಜೊತೆ ಓದಿದ ಗೆಳೆಯನ ಸಂಸಾರ. ಕೆಲಸವನ್ನು ಮೊದಲೇ ಹಂಚಿದ್ದೆ. ಸಾರು ಮತ್ತು ಮಾವಿನಕಾಯಿ ಚಿತ್ರಾನ್ನ ನನ್ನ ಹೆಂಡತಿಯದು. ಕೋಸಂಬರಿ, ಹುರುಳಿಕಾಯಿ ಪಲ್ಯ ತಂಗಿಯದು. ಮಕ್ಕಳಿಗೆ ತೋರಣ. ಎರಡನೇ ಕಾವಲಿ ಭಾವನದು, ನಾನು ತಟ್ಟಿ ಕೊಟ್ಟದ್ದನ್ನು ಬೇಯಿಸುವುದಷ್ಟೇ ಅವರ ಕೆಲಸ.

ಅಮ್ಮ ಒಂದೇ ಒಂದು ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಎಣ್ಣೆ ಹಚ್ಚುವುದು. ಮೊಮ್ಮಕ್ಕಳಿಂದ ಹಿಡಿದು ನನ್ನವರೆಗೆ ಎಲ್ಲರನ್ನೂ ಮಣೆ ಮೇಲೆ ಕೂರಿಸಿ, ಬೆಚ್ಚಗಿನ ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದಳು. ಸ್ನಾನ, ಪೂಜೆ ಆದ ಮೇಲೆ ಬೇವುಬೆಲ್ಲವನ್ನೂ ಅವಳ ಕೈಯಿಂದಲೇ ತೆಗೆದುಕೊಂಡೆವು. ನಮ್ಮಲ್ಲಿ ಬೇವಿನ ಹೂವು, ಎಳೆ ಚಿಗುರು, ಬೆಲ್ಲ, ಹುರಿಗಡಲೆ ಸೇರಿಸುತ್ತೇವೆ. ಬೇವಿನ ಚಿಗುರು ತಿಂದರೆ ನೂರು ವರ್ಷ ಆಯಸ್ಸು, ವಜ್ರದಂಥ ಮೈ ಅನ್ನುವ ಶತಾಯುರ್ವಜ್ರದೇಹಾಯ ಶ್ಲೋಕವನ್ನು ತಂಗಿಯ ಮಗಳು ತಪ್ಪಿಲ್ಲದೆ ಹೇಳಿದಳು. ಅಷ್ಟರಲ್ಲಿ ಊರಿನಿಂದ ಚಿಕ್ಕಪ್ಪನ ವಿಡಿಯೋ ಕಾಲ್. ಎತ್ತುಗಳ ಕೊಂಬಿಗೆ ಹೂ ಸುತ್ತಿ, ನೇಗಿಲಿಗೆ ಪೂಜೆ ಮಾಡಿ ಹೊನ್ನಾರು ಕಟ್ಟಿದ್ದರು. ವರ್ಷದ ಮೊದಲ ಉಳುಮೆ ಅದು. ಮಣ್ಣು ಮಗುಚುವುದನ್ನು ಅಮ್ಮ ಫೋನಿನಲ್ಲೇ ನೋಡಿ ಕೈ ಮುಗಿದಳು.

ಹನ್ನೊಂದೂವರೆಗೆ ತಟ್ಟಲು ಕೂತೆ. ನಿಂಬೆಗಾತ್ರದ ಕಣಕ, ಅದಕ್ಕಿಂತ ದೊಡ್ಡದು ಹೂರಣದ ಉಂಡೆ. ಕಣಕವನ್ನು ಅಂಗೈಯಲ್ಲಿ ಹರಡಿ, ಉಂಡೆ ಇಟ್ಟು, ಸುತ್ತಲಿಂದ ಮೇಲಕ್ಕೆ ತಂದು ಮುಚ್ಚಬೇಕು. ತುದಿಯಲ್ಲಿ ಉಳಿದ ಕಣಕವನ್ನು ಕಿತ್ತು ತೆಗೆಯಬೇಕು, ಬಿಟ್ಟರೆ ಅಲ್ಲಿ ಗಂಟಾಗುತ್ತದೆ. ಎಣ್ಣೆ ಸವರಿದ ಬಾಳೆಲೆಯ ಮೇಲಿಟ್ಟು ಬೆರಳ ತುದಿಯಿಂದ ನಡುವಿನಿಂದ ಹೊರಕ್ಕೆ ತಟ್ಟುತ್ತಾ ಹೋಗಬೇಕು. ಎಲೆಯ ಸಮೇತ ಕಾವಲಿಗೆ ಬೋರಲು ಹಾಕಿ, ಒಂದು ಗಳಿಗೆ ತಾಳಿ, ಎಲೆಯನ್ನು ಮೆಲ್ಲಗೆ ಸುಲಿದರೆ ಒಬ್ಬಟ್ಟು ಕಾವಲಿಯಲ್ಲಿ ಉಳಿಯುತ್ತದೆ. ಮೊದಲ ಮೂರು ಹರಿದವು. ಅವಸರಪಟ್ಟು ಎಲೆ ಎಳೆದಿದ್ದೆ. ನಾಲ್ಕನೆಯದರಿಂದ ಕೈ ಕೂತಿತು. ಒಟ್ಟು 42 ಆದವು.

ಒಂದು ಗಂಟೆಗೆ ಎಲೆ ಹಾಕಿದೆವು. ಅಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ನಿಂತವಳು, "ನೀವು ಕೂತ್ಕೊಳಿ, ನಾನು ಆಮೇಲೆ" ಅಂದಳು. ತಂಗಿ ಕೈ ಹಿಡಿದು ಕರೆತಂದು ಮೊದಲ ಎಲೆಯ ಮುಂದೆ ಕೂರಿಸಿದಳು. ಕಾವಲಿಯಿಂದ ಎತ್ತಿದ ಒಬ್ಬಟ್ಟನ್ನು ನಾನೇ ತಂದು ಬಡಿಸಿ ತುಪ್ಪ ಹಾಕಿದೆ. ಅವಳು ಅಂಚು ಮುರಿದು ಬೆರಳಲ್ಲಿ ಒತ್ತಿ ನೋಡಿ, "ಇಲ್ಲಿ ಒಂಚೂರು ದಪ್ಪ ಆಯ್ತು ಮಗ" ಅಂದಳು. ಆಮೇಲೆ ಬಾಯಿಗಿಟ್ಟುಕೊಂಡಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮವ್ವ ಹಿಂಗೇ ಬಿಸೀದು ಹಾಕೋಳು. ಮರ್ತೇ ಹೋಗಿತ್ತು ನಂಗೆ." ಮೂರು ತಿಂದಳು.

ಸಂಜೆ ಚಂದ್ರನನ್ನು ನೋಡಲು ಎಲ್ಲರೂ ಟೆರೇಸಿಗೆ ಹೋದೆವು. ಆ ವರ್ಷ ಪಕ್ಕದ ಮನೆಯವರೂ ಅವರ ಟೆರೇಸಿನಲ್ಲಿ ನಿಂತು ಅದೇ ಪಡುವಣ ದಿಕ್ಕನ್ನೇ ನೋಡುತ್ತಿದ್ದರು. ಅವರದು ರಂಜಾನ್ ತಿಂಗಳ 29ನೇ ರೋಜಾ. ಚಂದ್ರ ಕಂಡರೆ ಮರುದಿನ ಹಬ್ಬ, ಇಲ್ಲದಿದ್ದರೆ ಇನ್ನೊಂದು ರೋಜಾ. ಏಳಕ್ಕೆ ಇನ್ನೂ ಸ್ವಲ್ಪ ಇರುವಾಗ ಆ ಮನೆಯ ಹುಡುಗಿ ಮೊದಲು ಕಂಡು ಕೂಗಿದಳು, "ಅಲ್ಲಿ ನೋಡಿ ಅಜ್ಜಿ, ತೆಂಗಿನಮರದ ಪಕ್ಕ!" ಉಗುರು ಕೊರೆದಷ್ಟು ತೆಳ್ಳಗಿತ್ತು. ಎರಡು ಟೆರೇಸಿನವರೂ ಕೈ ಮೇಲೆತ್ತಿದೆವು. ಚಿಕ್ಕವರೆಲ್ಲ ಅಮ್ಮನ ಕಾಲಿಗೆ ಬಿದ್ದೆವು. ಗೋಡೆಯ ಮೇಲಿಂದ ಎಂಟು ಒಬ್ಬಟ್ಟು ಆಚೆ ಹೋದವು, ಮರುದಿನ ಬೆಳಗ್ಗೆ ಅದೇ ಡಬ್ಬಿಯಲ್ಲಿ ದ್ರಾಕ್ಷಿ ಗೋಡಂಬಿ ತುಂಬಿದ ಶೀರ್‌ಖುರ್ಮಾ ಬಂತು.

ಮರುದಿನ ನಮಗೆ ಹೊಸತೊಡಕು. ಊರಲ್ಲಾದರೆ ಗುಡ್ಡೆ ಬಾಡು ಹಂಚಿಕೊಳ್ಳುತ್ತಾರೆ. ಇಲ್ಲಿ ಬೆಳಗಿನ ಜಾವವೇ ಮಟನ್ ಅಂಗಡಿ ಮುಂದೆ ಸಾಲು ನಿಲ್ಲಬೇಕು, ನಿಂತೆ. ಬಾಡಿನ ಸಾರಿಗೆ ಅಮ್ಮ ಯಾರನ್ನೂ ಒಳಗೆ ಬಿಡಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಒಬ್ಬಟ್ಟಿನ ಸಾರು ಸ್ವಲ್ಪ ಉಳಿದಿತ್ತು. ಎರಡನೇ ದಿನಕ್ಕೆ ಹುಣಸೆ, ಬೆಲ್ಲ, ಖಾರ ಒಂದಕ್ಕೊಂದು ಹೊಂದಿಕೊಂಡು ಅದರ ರುಚಿಯೇ ಬೇರೆ. ಅಮ್ಮ ಅದನ್ನು ಬಿಸಿ ಅನ್ನಕ್ಕೆ ಹಾಕಿಕೊಂಡು ರಾತ್ರಿ ಊಟ ಮುಗಿಸಿದಳು.

ಅಳತೆ ಬರೆದಿದ್ದ ಹಾಳೆಯನ್ನು ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೆ. ಒಂದು ವಾರ ಬಿಟ್ಟು ಏಲಕ್ಕಿ ಹುಡುಕಲು ಬಾಗಿಲು ತೆರೆದಾಗ ನೋಡಿದೆ, ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಅಮ್ಮನ ದುಂಡನೆ ಅಕ್ಷರ: "ಹೂರಣಕ್ಕೆ ಒಂದು ಚಿಟಿಕೆ ಉಪ್ಪು. ಹೇಳೋದು ಮರೆತಿದ್ದೆ."