ತೆಂಗಿನ ಸಸಿ ತರುವ ಮೊದಲು ಕಲ್ಲಿಂಗ್ ಆಗಿದ್ಯಾ ಕೇಳಿ

ಮಳೆ ಶುರುವಾದ್ರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವ್ರೆಲ್ಲ ತೆಂಗಿನ ಸಸಿ ಹುಡುಕ್ತಾರಲ್ಲ, ಅವ್ರಿಗೆ ಒಂದು ಮಾತು. ನರ್ಸರಿಯಲ್ಲಿ ಕಲ್ಲಿಂಗ್ ಅಂದ್ರೆ ಹಕ್ಕಿಜ್ವರ ಬಂದಾಗ ಸುತ್ತ 1 ಕಿ.ಮೀ. ಒಳಗಿನ ಕೋಳಿ ಎಲ್ಲ ಕೊಲ್ಲೋದು ಉಂಟಲ್ಲ ಆ ಅರ್ಥ ಅಲ್ಲ, ಪಾತಿಯಿಂದ ಬಡಕಲು ಸಸಿ ಮಾತ್ರ ಹೆಕ್ಕಿ ಬಿಸಾಡೋದು. ಕಾಯಿ ಬಿತ್ತಿ 6 ತಿಂಗಳಾದ್ರೂ ಮೊಳಕೆ ಬಾರದ್ದು, ಮೊಳೆತು ಸತ್ತದ್ದು ಮೊದಲೇ ಹೋಗ್ಬೇಕು. ಉಳಿದದ್ರಲ್ಲೂ ನಮ್ಮ ಎತ್ತರ ತಳಿ ಆದ್ರೆ 9-12 ತಿಂಗಳ ಸಸಿಗೆ ಕಡಿಮೆ ಅಂದ್ರೂ 6 ಎಲೆ, ಬುಡದ ಸುತ್ತಳತೆ 10 ಸೆಂ.ಮೀ. ಬೇಕೇ ಬೇಕು, ಒಂದು ದಾರ ತಗೊಂಡು ಹೋಗಿ ಬುಡಕ್ಕೆ ಸುತ್ತಿ ನೋಡಿ, ಆಮೇಲೆ ಸ್ಕೇಲಿಗೆ ಹಿಡಿರಿ, ಯಾರೂ ಬೇಡ ಅನ್ನೋದಿಲ್ಲ. ಎತ್ತರ ನೋಡಿ ದಯವಿಟ್ಟು ಮರುಳಾಗ್ಬೇಡಿ, ನೆರಳಲ್ಲಿ ಬೆಳೆದದ್ದು ಸಪೂರ ಉದ್ದ ಹೋಗಿರ್ತದೆ ಅಷ್ಟೆ. ಎಲೆ ಬೇಗ ಸೀಳಿ ಗರಿ ಬಿಡಿಸಿಕೊಂಡ ಸಸಿ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಅಂಥದ್ದು ಬೇಗ ಹೂ ಬಿಡ್ತದೆ. ಮತ್ತೆ ಕೀಳುವಾಗ ಎಲೆ ಹಿಡಿದು ಎಳೀಲಿಕ್ಕೆ ಬಿಡ್ಬೇಡಿ, ಹಾರೆ ಹಾಕಿ ಕಾಯಿ ಸಮೇತ ಎತ್ತಿಸಿ.